ಹಳೆಯ ಲಾರಿ ನಿಂತಲ್ಲೇ ನಡುಗಿದರೆ: ಪಂಪಿಗೆ ಕೈ ಹಾಕುವ ಮುನ್ನ

ನಾನು ಮೊದಲ ಸಲ ಕೊಂಡದ್ದು ಎರಡು ಕೈ ಬದಲಾಗಿದ್ದ ಟಾಟಾ 1612. ದಾವಣಗೆರೆಯಿಂದ ಮೆಕ್ಕೆಜೋಳ ತುಂಬಿಕೊಂಡು ಹೊರಟರೆ ಹೆದ್ದಾರಿಯಲ್ಲಿ ದೂರುವಂಥದ್ದೇನೂ ಇರಲಿಲ್ಲ. ಟೋಲ್ ಗೇಟಿನ ಸಾಲಿನಲ್ಲಿ ನಿಂತ ಕೂಡಲೇ ಕ್ಯಾಬಿನ್ನಿಗೆ ಚಳಿಜ್ವರ ಬರುತ್ತಿತ್ತು. ಪಕ್ಕದ ಕನ್ನಡಿಯಲ್ಲಿ ಹಿಂದಿನ ಬಸ್ಸು ಎರಡಾಗಿ ಕಾಣುತ್ತಿತ್ತು. “ಪಂಪ್ ಹೋಗಿದೆ” ಎಂದರು, ತೋರಿಸಿದ ಕಡೆ. ಪಂಪ್ ಎಂದರೆ ಡೀಸೆಲನ್ನು ಅಳೆದು ಒತ್ತಡದಿಂದ ಸಿಲಿಂಡರುಗಳಿಗೆ ಕಳಿಸುವ ಇಂಜೆಕ್ಷನ್ ಪಂಪ್. ಪಂಪ್ ಇಳಿಸಿ, ಅದರೊಳಗೆ ಡೀಸೆಲ್ ಒತ್ತುವ ಎಲಿಮೆಂಟುಗಳನ್ನು ಬದಲಾಯಿಸಿ, ಕ್ಯಾಲಿಬ್ರೇಷನ್ ಮಾಡಿಸಿ ಮತ್ತೆ ಕೂರಿಸಿದ್ದಾಯಿತು. ಒಂದು ತಿಂಗಳ ಬಾಡಿಗೆ ಅದಕ್ಕೇ ಹೋಯಿತು, ನಡುಕ ಮಾತ್ರ ಹೋಗಲಿಲ್ಲ. ಕೊನೆಗೆ ವಯಸ್ಸಾದ ಮೇಸ್ತ್ರಿಯೊಬ್ಬರು ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಚಿಕ್ಕ ಫೀಡ್ ಪಂಪಿಗೆ ಬರುವ ಪೈಪಿನ ಬಂಜೋ ಬೋಲ್ಟ್ (ಡೀಸೆಲ್ ಹರಿಯಲು ಒಳಗೆ ತೂತಿರುವ ಬೋಲ್ಟ್) ಬಿಚ್ಚಿ, ಸವೆದಿದ್ದ ಎರಡು ತಾಮ್ರದ ವಾಷರುಗಳನ್ನು ಎಸೆದು ಹೊಸವನ್ನು ಹಾಕಿದರು. ಎಂಜಿನ್ ಸುಮ್ಮನಾಯಿತು. ವಾಷರಿನ ಬೆಲೆ ಒಂದು ಲೋಟ ಚಹಾದ ಬೆಲೆಗಿಂತ ಕಡಿಮೆ.

ಪಂಪ್ ತಪ್ಪಿತಸ್ಥ ಆಗುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಅದು ವಿಚಾರಣೆಯ ಸಾಲಿನಲ್ಲಿ ಕೊನೆಗೆ ನಿಲ್ಲಬೇಕು. ಕಾಸು ಖರ್ಚಿಲ್ಲದ ಪರೀಕ್ಷೆಗಳಿಂದ ಶುರುಮಾಡಿ ದುಬಾರಿಯ ಕಡೆಗೆ ಹೋಗುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಯಾವ ಲಾರಿಗೆ ಇದು ಅನ್ವಯ

ನನ್ನ ಮನಸ್ಸಿನಲ್ಲಿರುವುದು ಟಾಟಾ 1210, 1612ರಂಥ ಗಾಡಿಗಳಲ್ಲಿ ಬರುತ್ತಿದ್ದ 697 ಎಂಜಿನ್. ಹೆಸರಿನಲ್ಲೇ ಅದರ ಜಾತಕವಿದೆ: 6 ಸಿಲಿಂಡರು, 97 ಮಿಲಿಮೀಟರ್ ಬೋರ್ (ಸಿಲಿಂಡರಿನ ಒಳವ್ಯಾಸ). 128 ಮಿಲಿಮೀಟರ್ ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಸೇರಿದರೆ 5675 ಸಿಸಿ. 1954ರಿಂದ 1969ರವರೆಗೆ ಟೆಲ್ಕೋ (ಇಂದಿನ ಟಾಟಾ ಮೋಟಾರ್ಸ್) ಮತ್ತು ಡೈಮ್ಲರ್-ಬೆಂಜ್ ಜೊತೆಯಾಗಿದ್ದ ಕಾಲದ ವಂಶವಾಹಿ ಇದರಲ್ಲಿದೆ. ಇಂಥ ಎಂಜಿನ್ನುಗಳ ಪಕ್ಕದಲ್ಲಿ ಸಾಮಾನ್ಯವಾಗಿ ಕಾಣುವುದು ಮೈಕೋ ಪಂಪ್. 1951ರಲ್ಲಿ ಶುರುವಾದ, ಬೆಂಗಳೂರಿನ ಆಡುಗೋಡಿಯ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಬಿಡಿಭಾಗ ಕೇಳಲು ಬರುವವರ ಬಾಯಲ್ಲಿ ಮಾತ್ರ ಅದು ಇಂದಿಗೂ ಮೈಕೋ. ಸಾಲು ಪಂಪ್, ಅಂದರೆ ಸಿಲಿಂಡರಿಗೊಂದು ಎಲಿಮೆಂಟ್ ಇರುವ ಇನ್‌ಲೈನ್ ಪಂಪ್ ಇರುವ ಯಾವುದೇ ಹಳೆಯ ಲಾರಿಗೆ ಈ ವಿಧಾನ ಹೊಂದುತ್ತದೆ.

ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಅತಿ ಒತ್ತಡದ ಡೀಸೆಲ್ ಕೊಡುವ ಕಾಮನ್ ರೈಲ್ ಎಂಜಿನ್ ಆದರೆ ಮುಂದೆ ಬರುವ ಪೈಪ್ ಸಡಿಲಿಸುವ ಪರೀಕ್ಷೆಯನ್ನು ಎಂದಿಗೂ ಮಾಡಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಆ ಸೂಜಿಧಾರೆ ಚರ್ಮವನ್ನು ಸೀಳಿಕೊಂಡು ಒಳಗೆ ಹೋಗುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್-6 (ಹೊಗೆ ಮಾಲಿನ್ಯದ ಹೊಸ ಮಾನದಂಡ) ಗಾಡಿಗಳ ಮಾತು ಇಲ್ಲಿಲ್ಲ.

ನಡುಕ ಐಡ್ಲಿಂಗಿನಲ್ಲೇ ಏಕೆ

ಐಡ್ಲಿಂಗ್ ಎಂದರೆ ಗಾಡಿ ನಿಂತಿದ್ದು ಎಂಜಿನ್ ಮಾತ್ರ ನಿಧಾನವಾಗಿ ತಿರುಗುವುದು. 600 ಆರ್‌ಪಿಎಂನಲ್ಲಿ ತಿರುಗುವ ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರು ಎರಡು ಸುತ್ತಿಗೊಮ್ಮೆ, ಅಂದರೆ ನಿಮಿಷಕ್ಕೆ 300 ಸಲ ಉರಿಯುತ್ತದೆ. ಆರೂ ಸೇರಿದರೆ ಗಂಟೆಗೆ 1,08,000 ಸಲ. ನಿಂತಲ್ಲಿ ಗಂಟೆಗೆ ಒಂದೂವರೆ ಲೀಟರ್ ಡೀಸೆಲ್ ಕುಡಿಯುತ್ತದೆ ಎಂದು ಇಟ್ಟುಕೊಂಡರೂ ಒಂದು ಸಲಕ್ಕೆ ಸಿಗುವುದು ಸುಮಾರು 14 ಘನ ಮಿಲಿಮೀಟರ್. ಔಷಧದ ಡ್ರಾಪರಿನಿಂದ ಬೀಳುವ ಒಂದು ಹನಿಯ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಈ ಕಾಲು ಹನಿಯಲ್ಲಿ ಮೂರು ನಾಲ್ಕು ಘನ ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಆ ಸಿಲಿಂಡರು ಕುಂಟುತ್ತದೆ. ಲೋಡ್ ಎಳೆಯುವಾಗ ಪಾಲು ಹಲವು ಪಟ್ಟು ದೊಡ್ಡದಾಗುವುದರಿಂದ ಅದೇ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ “ಓಡುವಾಗ ಚೆನ್ನಾಗಿದೆಯಲ್ಲ” ಎಂಬ ಸಮಾಧಾನದಿಂದ ಪ್ರಯೋಜನವಿಲ್ಲ.

ಮೊದಲು ಕಿವಿ, ಆಮೇಲೆ ಸ್ಪ್ಯಾನರ್

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಗಾಲಿಗಳಿಗೆ ಕಲ್ಲು ಅಥವಾ ಮರದ ತುಂಡಿನ ಅಡೆ. ಹೆಗಲ ಮೇಲಿನ ಟವೆಲ್ ತೆಗೆದಿಡಿ, ಲುಂಗಿಯಲ್ಲಿ ಈ ಕೆಲಸ ಬೇಡ. ಫ್ಯಾನಿಗೆ ಬಟ್ಟೆಯೂ ಒಂದೇ, ಬೆರಳೂ ಒಂದೇ. ಎಂಜಿನ್ ಶುರುಮಾಡಿ ಐದು ನಿಮಿಷ ಏನನ್ನೂ ಮುಟ್ಟದೆ ಕೇಳಿ.

ಮೂರು ಬಗೆಯ ಸದ್ದು ಕೇಳಬಹುದು. ತಾಳದಲ್ಲಿ ಒಂದೇ ಪೆಟ್ಟು ಪ್ರತಿ ಆವರ್ತಕ್ಕೂ ತಪ್ಪಿದ ಹಾಗೆ, ಲೆಕ್ಕವಿಟ್ಟು ಕುಂಟಿದರೆ ತೊಂದರೆ ಒಂದು ನಿರ್ದಿಷ್ಟ ಸಿಲಿಂಡರಿನದು: ನಾಜಲ್ (ಡೀಸೆಲ್ ಸಿಂಪಡಿಸುವ ಇಂಜೆಕ್ಟರಿನ ತುದಿ), ವಾಲ್ವ್, ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿಯನ್ನು ಅದುಮುವ ಒತ್ತಡ) ಅಥವಾ ಪಂಪಿನ ಒಂದು ಎಲಿಮೆಂಟ್. ಲೆಕ್ಕವೇ ಇಲ್ಲದೆ ಒಮ್ಮೆ ಸರಿ, ಒಮ್ಮೆ ತಪ್ಪು ಎಂಬಂತೆ ಮಿಸ್ಸಿಂಗ್ ಹೊಡೆದರೆ ಡೀಸೆಲ್ ದಾರಿಯಲ್ಲಿ ಗಾಳಿ ಅಥವಾ ನೀರು. ಜೋಕಾಲಿಯಂತೆ ವೇಗವೇ ಏರಿ ಇಳಿದರೆ ಪಂಪಿನಲ್ಲಿ ವೇಗವನ್ನು ಹಿಡಿತದಲ್ಲಿಡುವ ಗವರ್ನರಿನ ಕಡೆ ಅಥವಾ ಮತ್ತೆ ಗಾಳಿಯ ಕಡೆ ನೋಡಬೇಕು. ಸ್ಪ್ಯಾನರ್ ಎತ್ತುವ ಮೊದಲೇ ಅರ್ಧ ಕೆಲಸ ಈ ಮೂರರಲ್ಲಿ ಮುಗಿಯುತ್ತದೆ. ಆದರೂ ಇದನ್ನು ಮಾಡುವವರು ಕಡಿಮೆ, ಏಕೆಂದರೆ ಕೈಕಟ್ಟಿ ನಿಂತವನನ್ನು ಯಾರೂ ಮೇಸ್ತ್ರಿ ಎನ್ನುವುದಿಲ್ಲ.

ಚಾಲಕರನ್ನು ವಿಚಾರಿಸಿ. ಯಾವಾಗಿನಿಂದ ಹೀಗಿದೆ? ಹೊಸ ಬಂಕಿನಲ್ಲಿ ಡೀಸೆಲ್ ಹಾಕಿಸಿದ ಮೇಲೆಯೇ? ಫಿಲ್ಟರ್ ಬದಲಾಯಿಸಿದ ಮರುದಿನವೇ? ಬೆಳಿಗ್ಗೆ ಮಾತ್ರವೇ, ದಿನವಿಡೀ ಹೀಗೆಯೇ? “ಫಿಲ್ಟರ್ ಹಾಕಿದ ಮೇಲೆ” ಎಂದರೆ ನೀವು ಅದೃಷ್ಟವಂತರು. ಯಾವುದೋ ವಾಷರ್ ಸರಿಯಾಗಿ ಕೂತಿಲ್ಲ.

ಹೊಗೆಯನ್ನೂ ನೋಡಿ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬಂದು ಕಣ್ಣು ಉರಿದರೆ ಡೀಸೆಲ್ ಉರಿಯದೆ ಹೊರಬರುತ್ತಿದೆ. ನೀಲಿ ಹೊಗೆ ಎಂದರೆ ಆಯಿಲ್. ಐಡ್ಲಿಂಗಿನಲ್ಲೇ ಬುಸ್ ಬುಸ್ ಎಂದು ಕಪ್ಪು ಬಂದರೆ ಯಾವುದೋ ನಾಜಲ್ ಸಿಂಪಡಿಸುವ ಬದಲು ಸುರಿಯುತ್ತಿರಬಹುದು.

ಎಂಜಿನ್ನಿನದ್ದಲ್ಲದ ತಪ್ಪುಗಳು

ಹತ್ತು ನಿಮಿಷದ ಕೆಲಸ. ಎಂಜಿನ್ ಮೌಂಟಿಂಗಿನ ರಬ್ಬರ್ ಹರಿದಿದೆಯೇ, ಬೋಲ್ಟ್ ಸಡಿಲವೇ ನೋಡಿ. ರಬ್ಬರ್ ಸತ್ತಿದ್ದರೆ ಎಂಜಿನ್ ಚೆನ್ನಾಗಿದ್ದರೂ ಕ್ಯಾಬಿನ್ ನಡುಗುತ್ತದೆ. ಕ್ಲಚ್ ಒತ್ತಿದಾಗ ನಡುಕ ಬದಲಾದರೆ ತನಿಖೆ ಗೇರ್ ಬಾಕ್ಸ್ ಕಡೆಗೆ ಹೋಗಬೇಕು. ಆಕ್ಸಿಲರೇಟರ್ ರಾಡಿನ ಬುಷ್ ಸವೆದು ಲಿವರ್ ಪ್ರತಿ ಸಲ ಬೇರೆ ಬೇರೆ ಜಾಗಕ್ಕೆ ಮರಳುತ್ತಿರಬಹುದು. ಎಲ್ಲಕ್ಕಿಂತ ಹೆಚ್ಚು ಜನ ಮರೆಯುವುದು ಎಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್. ಅದು ತುಕ್ಕು ಹಿಡಿದು ಪೂರ್ತಿ ಹಿಂದಕ್ಕೆ ಹೋಗದಿದ್ದರೆ ಪಂಪಿನ ಸ್ಟಾಪ್ ಲಿವರ್ ಅರ್ಧ ಎಳೆದ ಸ್ಥಿತಿಯಲ್ಲೇ ಇರುತ್ತದೆ, ಎಂಜಿನ್ ಅರೆಹೊಟ್ಟೆಯಲ್ಲಿ ಓಡುತ್ತದೆ. ಲಿವರನ್ನು ಕೈಯಿಂದಲೇ ತಳ್ಳಿ ನೋಡಿ.

ಗಾಳಿ ಎಂಬ ಕಳ್ಳ

ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ದಾರಿಯಲ್ಲಿ ಡೀಸೆಲ್ ತಳ್ಳಲ್ಪಡುವುದಿಲ್ಲ, ಎಳೆಯಲ್ಪಡುತ್ತದೆ. ಎಂಜಿನ್ ಓಡುವಾಗ ಅಲ್ಲಿ ತೂತಾಗಿದ್ದರೆ ಡೀಸೆಲ್ ಹೊರಗೆ ಸೋರದೆ ಗಾಳಿ ಒಳಗೆ ನುಗ್ಗುತ್ತದೆ. ಪೈಪು ಒಣಗಿ ಚೊಕ್ಕಟವಾಗಿ ಕಾಣುತ್ತದೆ. “ಎಲ್ಲೂ ಲೀಕ್ ಇಲ್ಲ” ಎಂದು ನಾವು ಮುಂದಕ್ಕೆ ಹೋಗುತ್ತೇವೆ. ನನ್ನ ಒಂದು ತಿಂಗಳ ಬಾಡಿಗೆ ಹೋದದ್ದು ಇದೇ ಒಣ ಪೈಪಿನ ದೆಸೆಯಿಂದ.

ಒಂದು ಸುಳಿವು ಬೆಳಿಗ್ಗೆಯೇ ಸಿಗುತ್ತದೆ. ರಾತ್ರಿ ನಿಂತ ಗಾಡಿ ತುಂಬ ಹೊತ್ತು ಸೆಲ್ಫ್ ಹೊಡೆಸಿಕೊಂಡು ಶುರುವಾಗಿ, ಆಮೇಲೆ ಕೆಲವು ನಿಮಿಷ ನಡುಗಿ ಸರಿಹೋದರೆ, ರಾತ್ರಿ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಇಳಿದು ಅದರ ಜಾಗಕ್ಕೆ ಗಾಳಿ ಬಂದಿದೆ ಎಂದರ್ಥ.

ಖಚಿತಪಡಿಸಿಕೊಳ್ಳಲು ಫೀಡ್ ಪಂಪಿಗೆ ಡೀಸೆಲ್ ಬರುವ ಕಡೆ ಒಂದು ಗೇಣುದ್ದದ ಪಾರದರ್ಶಕ ಪೈಪನ್ನು ತಾತ್ಕಾಲಿಕವಾಗಿ ಕ್ಲಿಪ್ ಹಾಕಿ ಜೋಡಿಸಿ. ಶುರುವಿನಲ್ಲಿ ಗುಳ್ಳೆ ಬರುವುದು ಸಹಜ. ಹತ್ತು ನಿಮಿಷವಾದರೂ ಮುತ್ತಿನ ಸರದಂತೆ ಗುಳ್ಳೆ ಹರಿಯುತ್ತಿದ್ದರೆ ಕಳ್ಳ ಅದಕ್ಕಿಂತ ಹಿಂದೆ, ಟ್ಯಾಂಕಿನ ಕಡೆ ಇದ್ದಾನೆ. ಆ ಭಾಗದ ಒಂದೊಂದು ಜಾಯಿಂಟಿಗೂ ದಪ್ಪಗೆ ಗ್ರೀಸ್ ಮೆತ್ತುತ್ತಾ ಬನ್ನಿ. ಯಾವುದಕ್ಕೆ ಮೆತ್ತಿದಾಗ ಗುಳ್ಳೆ ನಿಂತಿತೋ ಅದೇ ಜಾಗ. ಸೋಪಿನ ನೀರು ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಗಾಳಿ ಒಳಕ್ಕೆ ಹೋಗುವಾಗ ಹೊರಗೆ ನೊರೆ ಏಳುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಆ ಪ್ಲಾಸ್ಟಿಕ್ ಪೈಪನ್ನು ಮರೆಯದೆ ತೆಗೆಯಿರಿ. ಡೀಸೆಲಿಗೆ ಅದು ಗಡುಸಾಗಿ ಬಿರುಕು ಬಿಡುತ್ತದೆ, ಹೊಸ ಕಳ್ಳನನ್ನು ನೀವೇ ಸಾಕಿದಂತಾಗುತ್ತದೆ.

ಗುಳ್ಳೆ ಕಾಣದಿದ್ದರೂ ಅನುಮಾನ ಹೋಗಿಲ್ಲವೇ? ಐದು ಲೀಟರ್ ಕ್ಯಾನಿನಲ್ಲಿ ಶುದ್ಧ ಡೀಸೆಲ್ ತೆಗೆದುಕೊಂಡು, ಸೈಲೆನ್ಸರ್ ಮತ್ತು ಮ್ಯಾನಿಫೋಲ್ಡಿನಿಂದ ದೂರದಲ್ಲಿ, ಫೀಡ್ ಪಂಪಿಗಿಂತ ಸ್ವಲ್ಪ ಎತ್ತರಕ್ಕೆ ಭದ್ರವಾಗಿ ಕಟ್ಟಿ. ಟ್ಯಾಂಕಿನ ಪೈಪ್ ಕಳಚಿ, ಕ್ಯಾನಿನಿಂದ ನೇರವಾಗಿ ಫೀಡ್ ಪಂಪಿಗೆ ಹೊಸ ಪೈಪ್ ಕೊಡಿ. ಏರ್ ತೆಗೆದು ಎಂಜಿನ್ ಓಡಿಸಿ. ನಡುಕ ನಿಂತರೆ ಟ್ಯಾಂಕ್, ಅದರೊಳಗಿನ ಜಾಲರಿ, ಪೈಪ್, ಡೀಸೆಲ್ ಇವುಗಳಲ್ಲೇ ಒಂದು ಅಪರಾಧಿ. ಟ್ಯಾಂಕಿನ ಮುಚ್ಚಳದ ಗಾಳಿ ತೂತು ಮಣ್ಣಿನಿಂದ ಮುಚ್ಚಿದ್ದರೂ ಹೀಗಾಗುತ್ತದೆ. ಮುಚ್ಚಳ ತೆಗೆಯುವಾಗ ‘ಸುಂಯ್’ ಎಂದರೆ ಅದೇ.

ಏರ್ ತೆಗೆಯುವುದು ಹೇಗೆಂದು ಗೊತ್ತಿಲ್ಲದ ಹೊಸಬರಿಗೆ: ಫಿಲ್ಟರಿನ ತಲೆಯ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪ್ರೈಮರ್ ಒತ್ತುತ್ತಾ ಇರಿ. ನೊರೆ ಹೋಗಿ ತಿಳಿಯಾದ ಡೀಸೆಲ್ ಬಂದಾಗ, ಒತ್ತುತ್ತಿರುವಂತೆಯೇ ಸ್ಕ್ರೂ ಬಿಗಿ ಮಾಡಿ. ಆಮೇಲೆ ಪಂಪಿನ ಬ್ಲೀಡ್ ಸ್ಕ್ರೂವಿನಲ್ಲೂ ಹಾಗೆಯೇ. ಕೊನೆಗೆ ಪ್ರೈಮರಿನ ಗುಂಡಿಯನ್ನು ಪೂರ್ತಿ ಒತ್ತಿ ತಿರುಗಿಸಿ ಬಿಗಿ ಮಾಡಿ. ಅದು ಸಡಿಲವಿದ್ದರೆ, ಅಥವಾ ಅದರೊಳಗಿನ ರಬ್ಬರ್ ರಿಂಗ್ ಹಾಳಾಗಿದ್ದರೆ ಅಲ್ಲಿಂದಲೇ ಗಾಳಿ ಎಳೆಯುತ್ತದೆ.

ನೀರಿನ ಪರೀಕ್ಷೆಗೆ ಫಿಲ್ಟರಿನ ಅಡಿಯಿಂದ ಅರ್ಧ ಲೀಟರನ್ನು ಗಾಜಿನ ಬಾಟಲಿಗೆ ಬಿಟ್ಟು ರಾತ್ರಿಯಿಡೀ ಅಲುಗಿಸದೆ ಇಡಿ. ನೀರಿದ್ದರೆ ತಳದಲ್ಲಿ ಗೆರೆ ಕೊಯ್ದಂತೆ ನಿಂತಿರುತ್ತದೆ. ಮಳೆಗಾಲವಿಡೀ ನಿಂತ ಗಾಡಿಯಲ್ಲಿ ಇದು ಸಾಮಾನ್ಯ. ಇನ್ನು ಫಿಲ್ಟರ್ ಕಟ್ಟಿಕೊಂಡ ವಿಚಾರ: ಕಟ್ಟಿದ ಫಿಲ್ಟರ್ ಮೊದಲು ಕೈಕೊಡುವುದು ಶಿರಾಡಿ ಘಾಟಿ ಏರುವಾಗ. ಘಾಟಿ ಸಲೀಸಾಗಿ ಏರಿ, ಸಕಲೇಶಪುರದಲ್ಲಿ ನಿಂತಾಗ ಮಾತ್ರ ನಡುಗುವ ಗಾಡಿಗೆ ಹೊಸ ಫಿಲ್ಟರ್ ಹಾಕಿ ಫಲವಿಲ್ಲ.

ಒಂದೊಂದೇ ಸಿಲಿಂಡರನ್ನು ಕೇಳುವುದು

ಡೀಸೆಲ್ ದಾರಿ ಶುದ್ಧವಾಗಿದೆ, ಆದರೂ ಕುಂಟು ಹೋಗಿಲ್ಲ ಎಂದರೆ ಈಗ ಕುಂಟುವವನ ಹೆಸರು ಪತ್ತೆಮಾಡಬೇಕು. ಸೀಮೆಸುಣ್ಣ ತೆಗೆದುಕೊಂಡು ಸಿಲಿಂಡರುಗಳಿಗೆ ಒಂದರಿಂದ ಆರರವರೆಗೆ ನಂಬರ್ ಬರೆಯಿರಿ. ರೇಡಿಯೇಟರ್ ಕಡೆಯದು ಒಂದು. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಕೈಗವಸು ಇರಲಿ.

ಎಂಜಿನ್ ಐಡ್ಲಿಂಗಿನಲ್ಲಿರುವಾಗ ಒಂದನೇ ಇಂಜೆಕ್ಟರಿಗೆ ಬರುವ ಪೈಪಿನ ನಟ್ಟಿನ ಸುತ್ತ ಬಟ್ಟೆ ಸುತ್ತಿ, ನಟ್ಟನ್ನು ಅರ್ಧ ಸುತ್ತು ಸಡಿಲಿಸಿ. ಪೂರ್ತಿ ಬಿಚ್ಚಬೇಡಿ. ಡೀಸೆಲ್ ಅಲ್ಲಿಯೇ ಜಿನುಗಿ ಆ ಸಿಲಿಂಡರಿಗೆ ಊಟ ನಿಲ್ಲುತ್ತದೆ. ಸದ್ದು ಕುಸಿದು ನಡುಕ ಹೆಚ್ಚಾದರೆ ಆ ಸಿಲಿಂಡರು ದುಡಿಯುತ್ತಿತ್ತು. ಬಿಗಿ ಮಾಡಿ ಮುಂದಕ್ಕೆ ಹೋಗಿ. ಏನೂ ಬದಲಾಗದಿದ್ದರೆ ಅದು ಮೊದಲೇ ಕೆಲಸ ಬಿಟ್ಟ ಆಸಾಮಿ. ಅದಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಸ್ವಲ್ಪ ಮಾತ್ರ ಕುಸಿದರೆ ಅರ್ಧ ಗುರುತು. ಆರನ್ನೂ ನೋಡಿದ ಮೇಲೆ ಇನ್ನೊಮ್ಮೆ ಮೊದಲಿನಿಂದ ನೋಡಿ, ಎರಡು ಸುತ್ತೂ ಒಂದೇ ಉತ್ತರ ಕೊಟ್ಟರೆ ಮಾತ್ರ ನಂಬಿ.

ಇಲ್ಲಿ ಎರಡು ಎಚ್ಚರಿಕೆಗಳು. ಜಿನುಗಿದ ಡೀಸೆಲ್ ಬಿಸಿ ಮ್ಯಾನಿಫೋಲ್ಡಿನ ಮೇಲೆ ಬೀಳದಂತೆ ನೋಡಿಕೊಳ್ಳಿ. ಮತ್ತು ಹೊರತೆಗೆದ ಇಂಜೆಕ್ಟರಿನಿಂದ ಚಿಮ್ಮುವ ಧಾರೆಗೆ ಎಂದೂ ಕೈ ಅಡ್ಡ ಹಿಡಿಯಬೇಡಿ. ಹಳೆಯ ಎಂಜಿನ್ನಿನದ್ದಾದರೂ ಅದು ಚರ್ಮದೊಳಗೆ ಡೀಸೆಲ್ ತೂರಿಸಬಲ್ಲದು. ಹಾಗಾದರೆ ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯ. ಅದನ್ನು ತೊಳೆದು ಸುಮ್ಮನಾಗದೆ ಆ ಕ್ಷಣವೇ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಬೇಕು. ತಡಮಾಡಿದವರು ಬೆರಳು ಕಳೆದುಕೊಂಡದ್ದಿದೆ.

ನಟ್ಟು ಸಡಿಲಿಸಿದಾಗ ಡೀಸೆಲ್ ಹೇಗೆ ಬರುತ್ತಿದೆ ಎಂಬುದೂ ಒಂದು ಸಾಕ್ಷಿ. ಬೇರೆಯವಕ್ಕೆ ಹೋಲಿಸಿದರೆ ಒಂದರಲ್ಲಿ ಮಾತ್ರ ಮಿಡಿತವೇ ಇಲ್ಲದಿದ್ದರೆ ತಪ್ಪು ಪಂಪಿನ ಆ ಎಲಿಮೆಂಟಿನಲ್ಲೋ ಡೆಲಿವರಿ ವಾಲ್ವಿನಲ್ಲೋ ಇದೆ. ಮಿಡಿತ ಚೆನ್ನಾಗಿದ್ದೂ ಸಿಲಿಂಡರು ಸತ್ತಿದ್ದರೆ ನಾಜಲ್ ಅಥವಾ ಕಂಪ್ರೆಷನ್.

ನಟ್ಟು ಸಡಿಲಿಸಲು ಧೈರ್ಯವಿಲ್ಲದವರಿಗೆ ಇನ್ನೊಂದು ದಾರಿಯಿದೆ. ತಣ್ಣಗಿರುವ ಎಂಜಿನ್ ಶುರುಮಾಡಿ ಎರಡು ನಿಮಿಷದೊಳಗೆ, ದೂರದಿಂದ ಶಾಖ ಅಳೆಯುವ ಇನ್‌ಫ್ರಾರೆಡ್ ಗನ್ನಿನಿಂದ ಮ್ಯಾನಿಫೋಲ್ಡಿನ ಆರು ಬಾಯಿಗಳನ್ನು ಒಂದೊಂದಾಗಿ ಅಳೆಯಿರಿ. ಉಳಿದವಕ್ಕಿಂತ ಎದ್ದು ಕಾಣುವಷ್ಟು ತಣ್ಣಗಿರುವುದೇ ಸೋಮಾರಿ. ಹಳಬರು ಇದನ್ನೇ ನೀರು ಚಿಮುಕಿಸಿ ನೋಡುತ್ತಿದ್ದರು: ಎಲ್ಲಿ ಹನಿ ಚುರ್ ಎನ್ನದೆ ಕೂತಿತೋ ಅಲ್ಲಿ ಬೆಂಕಿಯಿಲ್ಲ.

ನಾಜಲ್ ಅದಲುಬದಲು

ನಾಲ್ಕನೆಯದು ಸತ್ತಿದೆ ಎನ್ನೋಣ. ಅದರ ಇಂಜೆಕ್ಟರನ್ನು ಎರಡನೆಯದಕ್ಕೆ, ಎರಡನೆಯದರ ಇಂಜೆಕ್ಟರನ್ನು ನಾಲ್ಕನೆಯದಕ್ಕೆ ಹಾಕಿ ಮತ್ತೆ ಪರೀಕ್ಷಿಸಿ. ರೋಗ ಎರಡನೆಯದಕ್ಕೆ ಹೋದರೆ ಇಂಜೆಕ್ಟರ್ ಕೆಟ್ಟಿದೆ. ನಾಲ್ಕರಲ್ಲೇ ಉಳಿದರೆ ಇಂಜೆಕ್ಟರ್ ನಿರಪರಾಧಿ. ಹೊಸ ನಾಜಲ್ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಇದು. ಅಂಗಡಿಯವರು ಇದನ್ನು ಹೇಳಿಕೊಡುವುದಿಲ್ಲ, ಅವರ ತಪ್ಪೂ ಅಲ್ಲ.

ಕೂರಿಸುವಾಗ ಇಂಜೆಕ್ಟರಿನ ಬುಡದ ತಾಮ್ರದ ವಾಷರ್ ಹೊಸದಾಗಿರಲಿ. ಹಳೆಯ ವಾಷರ್ ಎಷ್ಟೋ ಸಲ ಗುಳಿಯ ತಳದಲ್ಲೇ ಅಂಟಿಕೊಂಡಿರುತ್ತದೆ. ಟಾರ್ಚ್ ಬಿಟ್ಟು ನೋಡದೆ ಅದರ ಮೇಲೆ ಇನ್ನೊಂದು ಹಾಕಿದರೆ ನಾಜಲಿನ ತುದಿ ಮೇಲಕ್ಕೆ ಉಳಿದು, ಡೀಸೆಲ್ ಬೀಳಬೇಕಾದಲ್ಲಿ ಬೀಳುವುದಿಲ್ಲ. ಇಲ್ಲದ ಮಿಸ್ಸಿಂಗನ್ನು ನೀವೇ ತಂದುಕೊಳ್ಳುತ್ತೀರಿ.

ಪಂಪ್, ನಾಜಲ್ ರಿಪೇರಿ ಮಾಡುವ ಪಂಪ್ ರೂಮಿಗೆ ಕೊಂಡೊಯ್ಯುವುದಾದರೆ ಆರನ್ನೂ ಒಯ್ದು ಟೆಸ್ಟರಿನ ಮೇಲೆ ಒತ್ತಿಸಿ, ಪಕ್ಕದಲ್ಲೇ ನಿಂತು ನೋಡಿ. ಈ ಎಂಜಿನ್ನಿಗೆ ನಾಜಲ್ ತೆರೆಯುವ ಒತ್ತಡ 200 ಬಾರ್ ಆಸುಪಾಸು. ಆರೂ ಒಂದೇ ಒತ್ತಡದಲ್ಲಿ ತೆರೆಯಬೇಕು, ಮಂಜಿನಂತೆ ಚದುರಬೇಕು, ತುದಿಯಲ್ಲಿ ಹನಿ ಕಟ್ಟಬಾರದು. ಒಂದು 200, ಇನ್ನೊಂದು 170 ಇದ್ದರೆ ಆ ಕಾಲು ಹನಿಯ ಲೆಕ್ಕ ಅಲ್ಲೇ ತಪ್ಪಿತು.

ಟ್ಯಾಪೆಟ್ ಮತ್ತು ಕಂಪ್ರೆಷನ್

ಇಂಜೆಕ್ಟರ್ ಬದಲಿಸಿದರೂ ನಾಲ್ಕನೆಯದು ಏಳಲಿಲ್ಲ, ಡೀಸೆಲ್ ಮಿಡಿತ ಸರಿಯಿದೆ. ಹಾಗಾದರೆ ವಾಲ್ವ್‌ಗಳ ಮೇಲಿನ ಮುಚ್ಚಳ, ಅಂದರೆ ರಾಕರ್ ಕವರ್ ತೆಗೆಯಿರಿ. 697ಕ್ಕೆ ತಣ್ಣಗಿರುವಾಗ ಟ್ಯಾಪೆಟ್ ಸಂದು, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರಿನ ನಡುವಿನ ಅಂತರ, ಇನ್‌ಲೆಟ್ 0.20, ಎಕ್ಸಾಸ್ಟ್ 0.30 ಮಿಲಿಮೀಟರ್. ಬೇರೆ ಎಂಜಿನ್ ಆದರೆ ಅದರ ಕೈಪಿಡಿಯ ಅಳತೆಯೇ ಪ್ರಮಾಣ. ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಸರದಿ) 1-5-3-6-2-4. ಇದರಲ್ಲಿ 1-6, 5-2, 3-4 ಜೋಡಿಗಳು. ಪಗಡೆಯ ದಾಳದ ಎದುರು ಮುಖಗಳ ಹಾಗೆ ಕೂಡಿದರೆ ಏಳು. ಮೂರನೆಯದರ ಎರಡು ವಾಲ್ವ್‌ಗಳೂ ಒಂದು ಮುಚ್ಚುತ್ತಾ ಇನ್ನೊಂದು ತೆರೆಯುತ್ತಾ ತೂಗುವಾಗ ನಾಲ್ಕನೆಯದನ್ನು ಹೊಂದಿಸಬೇಕು.

ಟಿಕ್ ಟಿಕ್ ಎನ್ನುವ ಟ್ಯಾಪೆಟ್ಟಿಗೆ ಹೆದರುವವರು ಬಹಳ. ನಾನು ಹೆದರುವುದು ಸದ್ದೇ ಮಾಡದ ಟ್ಯಾಪೆಟ್ಟಿಗೆ. ಸಂದು ಇಲ್ಲದ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ ಸೋರುತ್ತದೆ, ಕೊನೆಗೆ ವಾಲ್ವೇ ಸುಟ್ಟುಹೋಗುತ್ತದೆ.

ಟ್ಯಾಪೆಟ್ ಸರಿಯಿದ್ದರೆ ಕಂಪ್ರೆಷನ್ ಅಳೆಸಿ. ಡೀಸೆಲ್ ಎಂಜಿನ್ನಿನ ಗೇಜೇ ಬೇಕು, ಪೆಟ್ರೋಲಿನದ್ದು ತಡೆಯುವುದಿಲ್ಲ. ಒಟ್ಟು ಅಂಕಿಗಿಂತ ಸಿಲಿಂಡರುಗಳ ನಡುವಿನ ಅಂತರವನ್ನು ಗಮನಿಸಿ. ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಒಂದೇ ಬಿದ್ದು, ಆಯಿಲ್ ಹಾಕುವ ಬಾಯಿಂದ ಹೊಗೆ ಬುಸುಗುಟ್ಟಿದರೆ ಪಿಸ್ಟನ್ ರಿಂಗ್. ಅಲ್ಲಿಂದ ಮುಂದೆ ಎಂಜಿನ್ ಬಿಚ್ಚುವ ಮಾತು. ಅದನ್ನು ಬಲ್ಲವರ ಕೈಗೆ ಕೊಡಿ.

ಈಗ ಪಂಪ್

ಇಷ್ಟೆಲ್ಲ ಆದ ಮೇಲೆ ಪಂಪಿನ ಸರದಿ. ಜೋಕಾಲಿಯಂತೆ ವೇಗ ಏರಿಳಿಯುತ್ತಿದೆ, ಗಾಳಿಯಿಲ್ಲ ಎಂದು ಸಾಬೀತಾಗಿದೆ: ಆಗ ಗವರ್ನರಿನ ಸ್ಪ್ರಿಂಗ್, ಪಿನ್ನುಗಳು ಸವೆದಿರಬಹುದು, ಅಥವಾ ನೀರು ಸೇರಿ, ಡೀಸೆಲ್ ಪಾಲು ಹೊಂದಿಸುವ ಕಂಟ್ರೋಲ್ ರ‍್ಯಾಕ್ ಅಂಟುತ್ತಿರಬಹುದು. ಒಂದು ಸಿಲಿಂಡರಿನಲ್ಲಿ ಮಿಡಿತ ಇಲ್ಲದಿದ್ದರೆ ಅದರ ಎಲಿಮೆಂಟ್ ಅಥವಾ ಡೆಲಿವರಿ ವಾಲ್ವ್. ಎಲ್ಲ ಸಿಲಿಂಡರುಗಳೂ ಒಟ್ಟಿಗೆ ಒರಟಾಗಿದ್ದು ಬಿಳಿ ಹೊಗೆ ಇದ್ದರೆ, ಪಂಪಿನ ಬೋಲ್ಟ್ ಸಡಿಲಾಗಿ ಟೈಮಿಂಗ್ (ಡೀಸೆಲ್ ಚಿಮ್ಮುವ ಸಮಯ) ಸರಿದಿದೆಯೇ ಎಂದು ಮೊದಲು ಗುರುತುಗಳನ್ನು ನೋಡಿ. ಓವರ್‌ಫ್ಲೋ ವಾಲ್ವಿನ ಸ್ಪ್ರಿಂಗ್ ಸತ್ತು ಪಂಪಿನೊಳಗೆ ಡೀಸೆಲ್ ಒತ್ತಡ ನಿಲ್ಲದಿರುವುದೂ ಉಂಟು. ಅದಕ್ಕೆ ಪಂಪ್ ಇಳಿಸಬೇಕಾಗಿಲ್ಲ.

ಪಂಪಿನ ಸೀಲ್ ಒಡೆದು ಒಳಗಿನ ಸ್ಕ್ರೂಗಳನ್ನು ಮನೆಯಲ್ಲಿ ತಿರುಗಿಸಬೇಡಿ. ಟೆಸ್ಟ್ ಬೆಂಚಿಗೆ ಕೊಡುವಾಗ ನಿಮ್ಮ ಸೀಮೆಸುಣ್ಣದ ಲೆಕ್ಕವನ್ನೂ ಕೊಡಿ, ಫುಲ್ ಲೋಡಿನ ಜೊತೆಗೆ ಐಡ್ಲಿಂಗಿನ ಡೆಲಿವರಿಯನ್ನೂ ಆರು ಗಾಜಿನ ಕೊಳವೆಗಳಲ್ಲಿ ಸಮ ಮಾಡಿ ತೋರಿಸಲು ಕೇಳಿ. ಕೇಳದಿದ್ದರೆ ಕೆಲವೆಡೆ ಫುಲ್ ಲೋಡ್ ನೋಡಿ ಕೈತೊಳೆದುಕೊಳ್ಳುತ್ತಾರೆ.

ಐಡ್ಲಿಂಗ್ ಸ್ಕ್ರೂ ಮುಟ್ಟುವುದು ಎಲ್ಲ ಮುಗಿದ ಮೇಲೆ. ಮೊದಲೇ ಅದನ್ನು ಏರಿಸಿದರೆ ನಡುಕ ಅಡಗುತ್ತದೆ, ಕಾರಣ ಉಳಿಯುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗಲಿ, ಲಾಕ್ ನಟ್ ಸಡಿಲಿಸಿ ಕಾಲು ಸುತ್ತಿನಷ್ಟೇ ತಿರುಗಿಸಿ, ಎಂಜಿನ್ ವೇಗ ತೋರಿಸುವ ಟ್ಯಾಕೋಮೀಟರ್ ಇಲ್ಲದಿದ್ದರೆ ಕೈಯಲ್ಲಿ ಹಿಡಿಯುವಂಥದ್ದನ್ನು ಎರವಲು ತಂದು ಕೈಪಿಡಿ ಹೇಳಿದ ವೇಗಕ್ಕೆ ನಿಲ್ಲಿಸಿ. ಲಾಕ್ ನಟ್ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿಯುವಾಗ ಸ್ಕ್ರೂ ಸರಿಯುತ್ತದೆ. ಐವತ್ತು ಕಿಲೋಮೀಟರ್ ಓಡಿಸಿ ಬಂದು, ನೀವು ಸಡಿಲಿಸಿದ್ದ ಆರೂ ನಟ್ಟುಗಳ ಮೇಲೆ ಎಂಜಿನ್ ನಿಲ್ಲಿಸಿ ಬೆರಳಾಡಿಸಿ. ಒದ್ದೆ ಇದ್ದದ್ದನ್ನು ಬಿಗಿ ಮಾಡಿ.